ಹೊರಗೆ ಅಂದರೆ ಹೊರಗೆ

ಮಂಗಳೂರಿನಲ್ಲಿ ಮಂಜುಗಡ್ಡೆ ನೋಡಬೇಕಾದರೆ ಮೀನಿನ ದೋಣಿಗಳು ನಿಲ್ಲುವ ದಕ್ಕೆಗೆ ಹೋಗಬೇಕು. ಹಾಗಾಗಿ ಬೇರೆ ದೇಶಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿ ನಮ್ಮಲ್ಲಿ ನಡೆಯುವುದು ಸಿಮೆಂಟಿನ ರಿಂಕಿನಲ್ಲಿ, ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು. ಒಂದು ಕಾಲೇಜಿನ ಹುಡುಗರ ತಂಡಕ್ಕೆ ನಾನು ಕೋಚ್. ಗಂಡುಹುಡುಗರಿಗೆ ಹೆಂಗಸು ಎಂಥ ಕೋಚ್ ಎಂದು ಕೇಳುವವರ ಬಾಯಿ ಮುಚ್ಚಿಸುವುದು ನನಗೆ ಎಂದೂ ಕಷ್ಟವಾಗಿಲ್ಲ. ನನ್ನ ನಾಲಿಗೆ ಸ್ವಲ್ಪ ಉದ್ದವೇ. ಬಿದ್ದ ಹುಡುಗ ಮೊಣಕಾಲು ಹಿಡಿದು ಕೂತರೆ, "ಎಂತ ಮಾರಾಯ, ನೀನೇನು ಬಾಣಂತಿಯಾ? ಏಳು!" ಎಂದು ರಿಂಕಿನ ಆಚೆ ಬದಿಗೂ ಕೇಳುವಂತೆ ಕೂಗುತ್ತಿದ್ದೆ. ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹೆಂಗಸಾಗಿ ಆ ಮಾತು ಹೇಗೆ ಬಂತೋ ನನ್ನ ಬಾಯಲ್ಲಿ!

ಇಂಥ ನಾನು ಮನೆಯಲ್ಲಿ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತೇನೆ. ಅಪ್ಪ ಪಡೀಲಿನ ಹತ್ತಿರದ ಸಣ್ಣ ದೇವಸ್ಥಾನವೊಂದರ ಅರ್ಚಕರು. ಮುಟ್ಟಿನ ದಿನಗಳಲ್ಲಿ ನನ್ನ ಚಾಪೆ ಬೇರೆ, ತಟ್ಟೆ ಬೇರೆ. ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಇರುವ ಮಾತು ಒಂದೇ, "ಹೊರಗೆ." ಅಮ್ಮ ಫೋನಿನಲ್ಲಿ "ಇವಳು ಹೊರಗೆ" ಎಂದರೆ ಸಾಕು, ಆಚೆಯವರು ಮುಂದೆ ಏನೂ ಕೇಳುವುದಿಲ್ಲ. ರಿಂಕಿಗೆ ಹೋಗುವುದಕ್ಕೆ ಅಡ್ಡಿಯಿಲ್ಲವಲ್ಲ, ಮನೆಯಲ್ಲಿ ಸುಮ್ಮನೆ ಜಗಳ ಯಾಕೆ ಎಂದು ನಾನೂ ಬಿಟ್ಟಿದ್ದೆ.

ಈ ವರ್ಷ ನಮ್ಮ ತಂಡ ಅಂತರ ಕಾಲೇಜು ಫೈನಲ್‌ಗೆ ಬಂತು. ಅದೇ ವಾರ ಕಾಲೇಜಿನಲ್ಲಿ ಗುಸುಗುಸು ಶುರುವಾಯಿತು, ನನ್ನನ್ನು ತೆಗೆದು ಗಂಡಸು ಕೋಚನ್ನು ತರುತ್ತಾರಂತೆ. ನನಗೆ ಊಟ ಸೇರುತ್ತಿರಲಿಲ್ಲ. ಸುದ್ದಿ ಹುಡುಗರ ಕಿವಿಗೂ ಬಿದ್ದಿತ್ತು, ಆದರೂ ಅವರ ಮುಂದೆ ಏನೂ ಆಗದವಳ ಹಾಗೆ ಓಡಾಡಿಕೊಂಡಿದ್ದೆ.

ದೊಡ್ಡ ಪಂದ್ಯದ ಬೆಳಿಗ್ಗೆ ಸ್ಟಿಕ್‌ಗಳನ್ನು ಅಪ್ಪನ ದೇವಸ್ಥಾನಕ್ಕೆ ತಂದು ಕುಂಕುಮ ಹಚ್ಚಿಸಿ, ಹೂ ಕಟ್ಟಿಸಿಕೊಳ್ಳುವುದು ನಮ್ಮ ತಂಡದ ರೂಢಿ. ಫೈನಲ್ ದಿನ ಹುಡುಗರು ಅಲ್ಲಿಗೆ ಬಂದು ನೋಡಿದರೆ ನಾನಿಲ್ಲ. ಕ್ಯಾಪ್ಟನ್ ಫೋನ್ ಮಾಡಿದ. ಅವನು ಮೀನುಗಾರರ ಮನೆಯವನು, ಒಳ್ಳೆಯ ಹುಡುಗ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಾರೆ, ಮನೆಯಲ್ಲಿ ಇರುವವರು ಅಪ್ಪ ಮತ್ತು ಅಣ್ಣಂದಿರು.

"ಮೇಡಂ, ಎಲ್ಲಿದ್ದೀರಿ? ನಾವೆಲ್ಲ ಬಂದಾಯ್ತು."

"ನೀವು ಪೂಜೆ ಮುಗಿಸಿ. ನಾನು ಬರುವ ಹಾಗಿಲ್ಲ. ನಾನು ಹೊರಗೆ."

"ಹೊರಗೆ ಅಂದ್ರೆ?"

"ಹೊರಗೆ ಅಂದ್ರೆ ಹೊರಗೆ ಮಾರಾಯ! ಎಷ್ಟು ಪ್ರಶ್ನೆ ಕೇಳ್ತಿ?" ಎಂದು ಫೋನ್ ಇಟ್ಟೆ.

ಸ್ಕೂಟರಿನಲ್ಲಿ ರಿಂಕಿನ ಕಡೆ ಹೊರಟವಳು ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದಾಗ ಪ್ರಿನ್ಸಿಪಾಲರ ಫೋನ್ ಬಂತು. "ಎಂತ ಮಾರಾಯ್ರೆ ಇದು? ನಿಮ್ಮ ಹುಡುಗರು ನನ್ನ ಆಫೀಸಿನಲ್ಲಿ ನಿಂತು ಆಡುವುದಿಲ್ಲ ಅಂತ ಹೇಳ್ತಾ ಇದ್ದಾರೆ. ಕೂಡ್ಲೇ ಬನ್ನಿ."

ಹೋಗಿ ನೋಡಿದರೆ ಇಡೀ ತಂಡ ಹೂ ಕಟ್ಟಿದ ಸ್ಟಿಕ್ ಹಿಡಿದುಕೊಂಡು ಗೋಡೆಗುಂಟ ನಿಂತಿದೆ. ಕ್ಯಾಪ್ಟನ್ ನನ್ನ ಕಡೆ ನೋಡದೆ ಪ್ರಿನ್ಸಿಪಾಲರಿಗೆ ಹೇಳಿದ, "ಮೇಡಂ ಅವರನ್ನು ಹೊರಗೆ ಹಾಕಿದ್ರೆ ನಾವು ಸ್ಕೇಟ್ಸ್ ಕಟ್ಟುವುದಿಲ್ಲ ಸರ್. ಅವರೇ ಹೇಳಿದ್ದು, ನಾನು ಹೊರಗೆ ಅಂತ."

ನನಗೆ ಎಲ್ಲ ಅರ್ಥವಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮ್ಮನ್ನು ಯಾರು ಹೊರಗೆ ಹಾಕಿದ್ದು?" ಎಂದರು ಪ್ರಿನ್ಸಿಪಾಲರು.

"ಅದು ಹಾಗಲ್ಲ ಸರ್. ಕಾಲೇಜಿನಿಂದ ಅಲ್ಲ. ಮನೆಯಲ್ಲಿ ನಾನು ಹೊರಗೆ."

"ಮನೆಯವರು ಹೊರಗೆ ಹಾಕಿದ್ರಾ?" ಅವರ ಮನೆಯಲ್ಲಿ ಈ ಮಾತು ಬಳಕೆಯಲ್ಲಿ ಇರಲಿಲ್ಲವೇನೋ, ದನಿಯಲ್ಲಿ ನಿಜವಾದ ಕಳವಳವಿತ್ತು.

ಎದುರು ತಂಡದವರಿಗೆ, ಅಂಪೈರುಗಳಿಗೆ ಬಾಯಲ್ಲೇ ಬೆವರಿಳಿಸಿದವಳು ನಾನು. ಈಗ ನೆಪ ಹುಡುಕತೊಡಗಿದೆ. ಹೊಟ್ಟೆನೋವು ಎಂದು ಬಿಡೋಣ ಎಂದುಕೊಂಡೆ. ಆದರೆ ಹುಡುಗರು ಅಲುಗಾಡುವ ಹಾಗೆ ಕಾಣಲಿಲ್ಲ, ಹೊತ್ತಿಗೆ ರಿಂಕ್ ತಲುಪದಿದ್ದರೆ ಫೈನಲ್ ಎದುರಾಳಿಗಳ ಪಾಲು.

"ತಿಂಗಳಿನದ್ದು ಸರ್," ಎಂದೆ. "ಅದಕ್ಕೇ ದೇವಸ್ಥಾನಕ್ಕೆ ಹೋಗಲಿಲ್ಲ."

ಪ್ರಿನ್ಸಿಪಾಲರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹುಡುಗರೆಲ್ಲ ತಮ್ಮ ತಮ್ಮ ಪಾದ ನೋಡತೊಡಗಿದರು. ಕ್ಯಾಪ್ಟನ್ನನ ಕಿವಿ ಕೆಂಪಾಯಿತು. "ಸಾರಿ ಮೇಡಂ, ನನಗೆ ಗೊತ್ತೇ ಇರಲಿಲ್ಲ," ಎಂದ, ನನಗಷ್ಟೇ ಕೇಳುವ ಹಾಗೆ.

"ಇದಕ್ಕೇ ನೋಡಿ ಹೇಳುವುದು," ಎಂದರು ಪ್ರಿನ್ಸಿಪಾಲರು, ಕಿಟಕಿಗೇ ಹೇಳುವವರಂತೆ. "ಹುಡುಗರಿಗೆ ಗಂಡಸರೇ ಇದ್ರೆ ಈ ತಲೆಬಿಸಿ ಉಂಟಾ? ಹೋಗಿ ಹೋಗಿ, ಹೊತ್ತಾಯ್ತು."

ಅಂಥ ಮಾತಾಡುವವರ ಬಾಯಿ ಅಷ್ಟು ವರ್ಷ ಮುಚ್ಚಿಸಿಕೊಂಡು ಬಂದ ನಾನು "ಸರಿ ಸರ್" ಎಂದು ಹೊರಬಂದೆ. ಹಾಗೆ ಅಂದದ್ದಕ್ಕೆ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ನನ್ನ ಕೆಲಸ ಉಳಿಸಲು ಹೋದ ಹುಡುಗರ ಕಣ್ಣೆದುರೇ ಅದನ್ನು ಕೈಯಾರೆ ಬಿಟ್ಟುಕೊಟ್ಟು ಬಂದಂತಾಗಿತ್ತು.

ಫೈನಲ್ ಇದ್ದ ಕದ್ರಿಯ ಕಡೆಯ ರಿಂಕಿನಲ್ಲಿ ಜನ ಸೇರಿದ್ದರು. ಆಟಕ್ಕೆ ಇಳಿಯುವ ಮುಂಚೆ ನಮ್ಮ ಹುಡುಗರು ಒಬ್ಬೊಬ್ಬರಾಗಿ ಬಂದು ಸ್ಟಿಕ್ಕನ್ನು ನನ್ನ ಅಂಗೈಗೆ ಮುಟ್ಟಿಸಿ ಹೋಗುತ್ತಾರೆ. ಈ ದಿನ ಯಾರೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಕ್ಯಾಪ್ಟನ್ ಬಂದ. ಏನೂ ನಡೆದೇ ಇಲ್ಲ ಎಂಬಂತೆ ಸ್ಟಿಕ್ ಮುಂದೆ ಚಾಚಿದ. ಅವನ ಹಿಂದೆ ಉಳಿದವರು ಸಾಲಾಗಿ ನಿಂತರು.

ಅಪ್ಪ ಹಚ್ಚಿದ ಕುಂಕುಮ ಅದರ ಮೇಲೆ ಇನ್ನೂ ಹಾಗೇ ಇತ್ತು. ನಾನು ನೋಡುತ್ತಿದ್ದಂತೆ ನನ್ನ ಎರಡೂ ಕೈ ಬೆನ್ನ ಹಿಂದೆ ಹೋದವು. ಬೇಡ ಎಂದು ಯಾರೂ ಹೇಳಿರಲಿಲ್ಲ. ಅಪ್ಪ ಅಲ್ಲಿರಲಿಲ್ಲ, ಅಮ್ಮ ಅಲ್ಲಿರಲಿಲ್ಲ. ಎಳೆದುಕೊಂಡವಳು ನಾನೇ.

"ಮೇಡಂ, ಕೈ," ಎಂದ ಹುಡುಗ.

ನನ್ನ ಕಣ್ಣು ಕುಂಕುಮದ ಮೇಲೇ ಇತ್ತು. ಅವನು ನನ್ನ ಮುಖ ನೋಡಿದ, ಸ್ಟಿಕ್ ನೋಡಿದ. ಆಮೇಲೆ ಹೂವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಕುಂಕುಮವನ್ನು ಜೆರ್ಸಿಯ ಅಂಚಿನಿಂದ ಚೆನ್ನಾಗಿ ಒರೆಸಿ, ಮತ್ತೆ ಚಾಚಿದ.

"ಈಗ ಆಗ್ತದಾ ಮೇಡಂ?"

ಕೈ ಮುಂದೆ ಕೊಟ್ಟೆ. ಅವನ ಹಿಂದಿನ ಹುಡುಗರೂ ತಮ್ಮ ತಮ್ಮ ಸ್ಟಿಕ್ ಒರೆಸಿಕೊಳ್ಳುತ್ತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ.