ಸೈಡ್ ಸ್ಟ್ಯಾಂಡ್

ಬೈಕನ್ನು ಓರೆಯಾಗಿ ನಿಲ್ಲಿಸಲು ಎಡಗಡೆ ಇರುವ ಕಬ್ಬಿಣದ ಕಾಲಿಗೆ ಸೈಡ್ ಸ್ಟ್ಯಾಂಡ್ ಎನ್ನುತ್ತಾರೆ. ಅದನ್ನು ಮಡಚದೆ ಹೊರಟು ಎಡಕ್ಕೆ ತಿರುಗಿದರೆ ನೆಲಕ್ಕೆ ತಾಗಿ ಬೈಕು ಮಗುಚುತ್ತದೆ. ಹಾಗಾಗಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ಯಾರದ್ದು ಕೆಳಗಿದ್ದರೂ ನೋಡಿದವರು ಕೂಗುತ್ತಾರೆ. ಮುಂದೆ ಸಾರ್, ಭಾಯ್, ಅಣ್ಣಾ ಏನಾದರೂ ಸೇರಬಹುದು, ಸೇರದಿರಬಹುದು. ‘ಸ್ಟ್ಯಾಂಡ್!’ ಮಾತ್ರ ಇದ್ದೇ ಇರುತ್ತದೆ. ಕೇಳಿಸಿಕೊಂಡವರು ಹಿಮ್ಮಡಿಯಿಂದ ಒಂದು ಒದೆ ಕೊಟ್ಟು ತಿರುಗಿಯೂ ನೋಡದೆ ಹೋಗುತ್ತಾರೆ. ಆಟೋದವನೊಂದಿಗೆ ಜಗಳ ಕಾಯುತ್ತಿದ್ದವರೊಬ್ಬರು ಬೈಗುಳ ಅರ್ಧಕ್ಕೆ ನಿಲ್ಲಿಸಿ ಇದನ್ನು ಕೂಗಿದ್ದನ್ನು ನಾನೇ ಕಂಡಿದ್ದೇನೆ.

ಹೊರಮಾವಿನಲ್ಲಿ ನಮ್ಮ ಮನೆಯ ಎದುರಿಗೇ ಚಿಕ್ಕಪ್ಪನ ಮನೆ. ಹೊಲ ಅಪಾರ್ಟ್‌ಮೆಂಟಿನವರ ಪಾಲಾದಾಗ ಹಣದ ಭಾಗದಲ್ಲಿ ಮನಸ್ತಾಪವಾಗಿ ಅಣ್ಣ ತಮ್ಮ ಮಾತು ಬಿಟ್ಟಿದ್ದರು. ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಊರಿಗೆಲ್ಲ ಲಗ್ನಪತ್ರಿಕೆ ಹಂಚಿದ ಅಪ್ಪ ರಸ್ತೆ ಮಾತ್ರ ದಾಟಲಿಲ್ಲ.

“ಅವ್ನೇ ಮೊದ್ಲು ಮಾತಾಡ್ಲಿ” ಎಂದ.

ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಚಿಕ್ಕಪ್ಪ ಇಲ್ಲದ ಮದುವೆ ನನಗೆ ಬೇಕಿರಲಿಲ್ಲ. ಇಬ್ಬರ ಮೇಲೂ ಕೆಂಡದಂಥ ಸಿಟ್ಟು ಬರುತ್ತಿತ್ತು.

ಕಂಟೋನ್ಮೆಂಟಿನ ನನ್ನ ಆಫೀಸಿಗೆ ಹೋಗಲು ಅಪ್ಪ ದಿನಾ ನನ್ನನ್ನು ಬೈಕಿನಲ್ಲಿ ಬಸ್ ಸ್ಟಾಪಿಗೆ ಬಿಡುತ್ತಿದ್ದ. ಒಂದು ಬೆಳಗ್ಗೆ ಸ್ಟ್ಯಾಂಡ್ ತೆಗೆಯದೆ ಹೊರಟ. ಗೇಟಿನಲ್ಲಿ ಪೇಪರ್ ಓದುತ್ತಿದ್ದ ಚಿಕ್ಕಪ್ಪ ಕೂಗಿದ: “ಸ್ಟ್ಯಾಂಡ್!”

ಅಪ್ಪ ಒದ್ದು ಮೇಲಕ್ಕೆತ್ತಿ ಮುಂದೆ ಹೋದ.

“ಮಾತಾಡ್ಸಿದ್ರಲ್ಲ, ಇನ್ನೇನು?” ಎಂದು ಅಮ್ಮ ಸಂಜೆ ಕೇಳಿದಳು.

“ಅದೂ ಒಂದು ಮಾತೇನೇ? ರೋಡಲ್ಲಿ ಹೋಗೋರೂ ಹೇಳ್ತಾರೆ.”

ಮರುದಿನವೂ ಅಪ್ಪ ಸ್ಟ್ಯಾಂಡ್ ತೆಗೆಯಲಿಲ್ಲ. ಮರೆಯುವ ಪೈಕಿಯ ಮನುಷ್ಯನಲ್ಲ ಅವನು. ಚಿಕ್ಕಪ್ಪ ಮತ್ತೆ ಕೂಗಿದ, ಅಪ್ಪ ಮತ್ತೆ ಒದ್ದ. ಹಿಂದೆ ಕೂತ ನನಗೆ ನಗು ತಡೆಯುವುದೇ ಕಷ್ಟವಾಯಿತು.

ಅದರ ಮರುದಿನ ಸ್ಟ್ಯಾಂಡ್ ಕೆಳಗಿದ್ದರೂ ಚಿಕ್ಕಪ್ಪ ಕೂಗಲಿಲ್ಲ. ಅಪ್ಪ ಬೈಕನ್ನು ನಡಿಗೆಗಿಂತ ನಿಧಾನಕ್ಕೆ ಬಿಟ್ಟ. ಎಡ ತಿರುವು ಹತ್ತಿರವಾಗುತ್ತಿತ್ತು, ನನ್ನ ನಗು ಇಂಗಿಹೋಗಿತ್ತು. ಆಗ ಚಿಕ್ಕಪ್ಪ ಪೇಪರ್ ಬಿಸಾಕಿ ಓಡಿ ಬಂದು, ಹ್ಯಾಂಡಲ್ ಹಿಡಿದು ನಿಲ್ಲಿಸಿ, ತನ್ನ ಕಾಲಿನಿಂದಲೇ ಸ್ಟ್ಯಾಂಡ್ ಎತ್ತಿದ.

“ದಿನಾ ಮರೀತೀಯಲ್ಲಣ್ಣ, ಹಿಂದೆ ಮಗು ಕೂತೈತೆ.”

ಅಪ್ಪ ಇಂಜಿನ್ ಆಫ್ ಮಾಡಿದ. ನನ್ನ ಕಡೆ ತಿರುಗದೆಯೇ ಹೇಳಿದ: “ಇಳಿಯಮ್ಮ. ಒಳಗ್ ಹೋಗಿ ಚಿಕ್ಕಪ್ಪಂಗೆ ಪತ್ರಿಕೆ ತಗೊಂಡ್ ಬಾ.”