ಹೆಸರಿಲ್ಲದ ಕ್ಲಾಸಿಗೆ ಸೊನ್ನೆ

ಸರಿಯಾಗಿ ಓಡುವ ಪ್ರೋಗ್ರಾಮಿಗೆ ಸೊನ್ನೆ ಹಾಕಿದರು. ಅದು ಅನ್ಯಾಯ. ಆಗ ನಾನು ದೊಡ್ಡಬಳ್ಳಾಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುವ ಪ್ರತಿಯೊಂದು ಕ್ಲಾಸಿಗೂ, ಅಂದರೆ ಪ್ರೋಗ್ರಾಮಿನ ಒಂದೊಂದು ತುಂಡಿಗೂ, ಮೊದಲೆಲ್ಲ ಹೆಸರಿಡಲೇಬೇಕಿತ್ತು. ಜಾವಾದ ಹೊಸ ಆವೃತ್ತಿ ಬಂದ ಮೇಲೆ, ಒಂದೇ ಕಡೆ ಬೇಕಾಗುವ ಕ್ಲಾಸನ್ನು ಹೆಸರಿಲ್ಲದೆ ಅಲ್ಲೇ ಬರೆಯಬಹುದಾಯಿತು. ಮಗ್ಗದ ಮನೆಯ ಲಕ್ಷ್ಮಿ ಪರೀಕ್ಷೆಯಲ್ಲಿ ಹಾಗೇ ಬರೆದಳು. ಫೇಲಾದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು.

ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರ ಕೈಯಲ್ಲಿದ್ದದ್ದು ಹಳೇ ಪುಸ್ತಕ. "ಏನಮ್ಮ, ಹೆಸರಿಡೋದು ಮರ್ತ್‌ಬಿಟ್ಯಾ?" ಅನ್ನುತ್ತಲೇ ಸೊನ್ನೆ ಹಾಕಿದರು.

"ಮರ್ತಿಲ್ಲ ಸಾರ್, ಇಲ್ಲಿ ಬೇಕಿಲ್ಲ. ನಮ್ಮಕ್ಕನ ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಹಾಗಂತ ಹಾಲು ಕುಡಿಸ್ದೆ ಬಿಡ್ತೀವಾ?"

ನನಗೆ ರೇಗಿತ್ತು. "ಪುಸ್ತಕ ಮುಚ್ಚಿ, ಓಡಿಸಿ ನೋಡಿ ಸಾರ್" ಅಂದೆ.

ಓಡಿಸಿದರು. ಪರದೆಯ ಮೇಲಿನ ಬಟನ್ ಒತ್ತಿದೊಡನೆ ಅವಳು ಬರೆದಂತೆಯೇ ಬಣ್ಣ ಬದಲಾಯಿತು. ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಸೊನ್ನೆ ಹೊಡೆದುಹಾಕಿ, ಪೂರ್ತಿ ಅಂಕ ಬರೆದು, ಮೆಲ್ಲಗೆ ಕೇಳಿದರು: "ಕೂಸು ಗಂಡೋ ಹೆಣ್ಣೋ?"

"ಹೆಣ್ಣು ಸಾರ್."

ಆ ಮನುಷ್ಯ ಒಳ್ಳೆಯವರೇ, ಪುಸ್ತಕ ಹಳೆಯದು. ಪುಸ್ತಕದಲ್ಲಿಲ್ಲ ಎಂದು ನಿಮಗೂ ಸೊನ್ನೆ ಹಾಕಿದರೆ ಅಳುತ್ತಾ ಬಸ್ಸು ಹತ್ತಬೇಡಿ. ಓಡಿಸಿ ನೋಡುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.