ತಂಗಿಯ ಡೊಳ್ಳು ಬಿಚ್ಚಿದ್ದು ನಾನೇ

ನಾನು ಗಣಿತ ಕಲಿಸುವ, ಬೀದರಿನ ಚಿದ್ರಿ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಈ ವರ್ಷ ಮಕ್ಕಳಿಗೆ ಡೊಳ್ಳು ಕಲಿಸುವ ತರಗತಿ ಶುರುವಾಯಿತು. ಪಾಲಕರಿಗೆ ಹಂಚಲು ಒಂದು ಚೀಟಿ ಅಚ್ಚು ಹಾಕಿಸಿದ್ದರು. ಡೊಳ್ಳು ಕಲಿತರೆ ಏಕಾಗ್ರತೆ ಬರುತ್ತದೆ, ನೆನಪಿನ ಶಕ್ತಿ ಬೆಳೆಯುತ್ತದೆ, ತೋಳು ಗಟ್ಟಿಯಾಗುತ್ತದೆ, ಸಭೆಯ ಅಂಜಿಕೆ ಬಿಡುತ್ತದೆ ಎಂದೆಲ್ಲ ಅದರಲ್ಲಿತ್ತು. ಚೀಟಿಯನ್ನು ನನ್ನ ಕೈಗೆ ಕೊಟ್ಟು ಮುಖ್ಯೋಪಾಧ್ಯಾಯಿನಿ ಹೇಳಿದರು:

"ಸರ್, ನೀವು ಔರಾದ ಕಡಿಯವರಲ್ರಿ. ನಿಮ್ಮ ತಂದಿ ಡೊಳ್ಳು ಬಾರಸ್ತಿದ್ರಂತ. ಶನಿವಾರ ಪಾಲಕರ ಮೀಟಿಂಗ್ ಅದ. ಡೊಳ್ಳು ಕಲತ್ರ ಏನ್ ಫಾಯ್ದಾ ಅಂತ ಹತ್ತು ಮಿನಿಟ್ ಮಾತಾಡ್ರಿ."

ಆಗಲಿ ಎಂದು ಬಂದೆ. ಈ ವಿಷಯದ ಮೇಲೆ ಮಾತಾಡಲು ಇಡೀ ಜಿಲ್ಲೆಯಲ್ಲಿ ನನಗಿಂತ ಅಯೋಗ್ಯ ಮನುಷ್ಯ ಸಿಗಲಿಕ್ಕಿಲ್ಲ. ಡೊಳ್ಳಿನ ಲಾಭ ಏನೆಂದು ಕಣ್ಣಾರೆ ಕಂಡವನು ನಾನು. ಕಂಡ ಮೇಲೂ ಅದಕ್ಕೆ ಕಲ್ಲು ಹಾಕಿದವನೂ ನಾನೇ.

ನಮ್ಮ ಊರು ಡಾಬಕಾ. ಊರ ಹೊರಗೆ ಒಂದಿಷ್ಟು ಒಣ ಹೊಲ, ಒಂದು ಹಿಂಡು ಕುರಿ, ದೊಡ್ಡಿ. ಅಪ್ಪ ಕುರಿ ಕಾಯುವವನು, ದೇವರ ಮುಂದೆ ಡೊಳ್ಳು ಬಾರಿಸುವವನು. ಓದು ಬರಹ ಇರಲಿಲ್ಲ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ನನ್ನ ತಂಗಿಗೆ ಮಾತು ತೊದಲುತ್ತಿತ್ತು. ತೊದಲು ಎಂದರೆ ಮುದ್ದಿನ ತೊದಲಲ್ಲ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬರುತ್ತಿತ್ತು. ಶಾಲೆಯಲ್ಲಿ ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದಳು, ಪಕ್ಕದ ಹುಡುಗಿ ಅವಳ ಪರವಾಗಿ "ಹಾಜರ್ ರೀ" ಅನ್ನುತ್ತಿದ್ದಳು. ಅವ್ವ ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು, ಕಂಡ ಕಂಡ ದೇವರಿಗೆ ಹರಕೆ ಹೊತ್ತಳು. ಏನೂ ಆಗಲಿಲ್ಲ.

ನಮ್ಮಲ್ಲಿ ಡೊಳ್ಳು ಕಲಿಯುವವರಿಗೆ ಮೊದಲೇ ಡೊಳ್ಳು ಕೊಡುವುದಿಲ್ಲ. ಪೆಟ್ಟುಗಳನ್ನೆಲ್ಲ ಬಾಯಿಂದ ಹೇಳುತ್ತ ತೊಡೆಯ ಮೇಲೆ ಬಡಿಯಬೇಕು. ಬಾಯಿ ತಪ್ಪದಂತಾದ ಮೇಲೆ ಕೈಗೆ ಕೋಲು. ಅಪ್ಪ ಒಂದು ಸಂಜೆ ದೊಡ್ಡಿಯ ಬಳಿ ಚಿಕ್ಕಪ್ಪನ ಮಗನಿಗೆ ಹೀಗೆ ಪಾಠ ಮಾಡುತ್ತಿದ್ದ. ಅವನೋ, ಹತ್ತು ಸಲ ಹೇಳಿಕೊಟ್ಟರೂ ಹನ್ನೊಂದನೆಯ ಸಲ ತಪ್ಪುವ ಆಸಾಮಿ. ಆಚೆ ಕೂತು ಮರಿಯ ಮೈಯಿಂದ ಮುಳ್ಳು ಕೀಳುತ್ತಿದ್ದ ತಂಗಿಗೆ ತಡೆಯಲಾಗಲಿಲ್ಲವೋ ಏನೋ, ತೊಡೆ ಬಡಿಯುತ್ತ ಪೂರ್ತಿ ಸಾಲು ಹೇಳಿಬಿಟ್ಟಳು. ಒಂದು ಅಕ್ಷರವೂ ಸಿಕ್ಕಿಕೊಳ್ಳಲಿಲ್ಲ. ಅಪ್ಪ ಅವಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

"ಕೈ ಬಿಡಬ್ಯಾಡವ್ವಾ. ಹಂಗೇ ಬಡಕೋತ ಹೇಳು, ಇವತ್ತ ಏನ್ ಉಂಡಿ?"

"ಜ್ವಾಳದ ರೊಟ್ಟಿ, ಪುಂಡಿ ಪಲ್ಯಾ, ಮ್ಯಾಲೊಂದು ಉಳ್ಳಾಗಡ್ಡಿ," ಅಂದಳು ತಂಗಿ. ಅವಳ ಬಾಯಿಂದ ಅಷ್ಟುದ್ದದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ನಕ್ಕ, ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ದೇವರಿಗೆ ಮುಟ್ಟಿಸಿದ ಡೊಳ್ಳನ್ನು ನಮ್ಮಲ್ಲಿ ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ. ಅಪ್ಪ ಅದಕ್ಕೂ ಒಂದು ದಾರಿ ಹುಡುಕಿದ. ಚಿಕ್ಕದೊಂದು ಹೊಸ ಡೊಳ್ಳು ಮಾಡಿಸಿದ. ಅದನ್ನು ಗುಡಿಯ ಹತ್ತಿರವೂ ಒಯ್ಯಲಿಲ್ಲ, ನೇರವಾಗಿ ದೊಡ್ಡಿಗೆ ತಂದು ತಂಗಿಯ ಕೊರಳಿಗೆ ಹಾಕಿದ. ಮೂರ್ನಾಲ್ಕು ವರ್ಷ ಕಲಿತಳು. ಬರಬರುತ್ತ ತೊಡೆ ಬಡಿಯುವುದು ಹೋಗಿ ಬರೀ ಬೆರಳು ಆಡಿಸಿದರೂ ಮಾತು ಸಲೀಸಾಗಿ ಬರತೊಡಗಿತು. ಹದಿನಾರಕ್ಕೆ ಬರುವಷ್ಟರಲ್ಲಿ ಉಣ್ಣೆ ಕೊಳ್ಳಲು ಬಂದವನ ಜೊತೆ ಮರಾಠಿಯಲ್ಲಿ ಜಗಳವಾಡಿ ಅವನ ಬಾಯಿ ಮುಚ್ಚಿಸುವ ಹುಡುಗಿ ಆಗಿದ್ದಳು.

ಆಗ ನಾನು ಭಾಲ್ಕಿಯಲ್ಲಿ ಕೋಣೆ ಮಾಡಿಕೊಂಡು ಮಾಸ್ತರಿಕೆಯ ಓದು ಓದುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಮ್ಮೆ ಇಬ್ಬರು ಗೆಳೆಯರು ನನ್ನ ಜೊತೆ ಊರಿಗೆ ಬಂದರು. ತಂಗಿ ದೊಡ್ಡಿಯ ಮುಂದೆ ಡೊಳ್ಳು ಬಾರಿಸುತ್ತಿದ್ದಳು. ಹಿಂದಿರುಗುವಾಗ ಬಸ್ಸಿನಲ್ಲಿ ಒಬ್ಬ, "ನಿನ್ನ ತಂಗಿ ಮಸ್ತ್ ಬಾರಸ್ತಾಳಪಾ" ಅಂದ. ಇನ್ನೊಬ್ಬ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅವನು ಅಣಕಿಸಿದ ಎಂದೇ ಆವತ್ತು ತಿಳಿದೆ. ಈಗ ಯೋಚಿಸಿದರೆ ಅವನು ಮನಸಾರೆ ಹೊಗಳಿದ್ದನೋ ಏನೋ. ಅವನನ್ನು ಕೇಳಲಿಲ್ಲ, ಕೇಳುವ ಬುದ್ಧಿಯೂ ಇರಲಿಲ್ಲ.

ಮರುವರ್ಷ ಭಾಲ್ಕಿಯ ಕಡೆಯಿಂದ ತಂಗಿಗೆ ಒಂದು ಸಂಬಂಧ ಬಂತು. ಹುಡುಗನ ಮನೆಯವರದು ಹಿಟ್ಟಿನ ಗಿರಣಿ. ನಾನು ಓಡಿ ಬಂದು ಅಪ್ಪನ ಮುಂದೆ ಕೂತೆ.

"ಡೊಳ್ಳು ಬಾರಿಸೂ ಹುಡುಗಿನ್ನ ಯಾರ್ ಮಾಡ್ಕೋತಾರಪಾ? ಬೆರಳ ಆಡಿಸ್ಕೋತ ಮಾತಾಡಿದ್ರ ಹುಚ್ಚಿ ಅಂತಾರ. ಇವತ್ತಿಗಿ ಬಂದ್ ಮಾಡು."

"ಅದನ್ನ ಬಿಡಿಸಿದ್ರ ಅಕಿ ಮಾತ ಹೋಗ್ತಾವ, ತಮ್ಮಾ," ಅಂದ ಅಪ್ಪ.

"ಹಂಗೇನ್ ಆಗಲ್ಲ. ನಾ ಓದೀನಿ, ನನಗ ಗೊತ್ತದ."

ನನಗೆ ಏನೂ ಗೊತ್ತಿರಲಿಲ್ಲ. ಆದರೆ ಅಪ್ಪ ಅಕ್ಷರಕ್ಕೆ ಹೆದರುವ ಮನುಷ್ಯ. ಓದಿದ ಮಗ ಹೇಳಿದ ಮೇಲೆ ಇರಬಹುದು ಅಂದುಕೊಂಡು ಸುಮ್ಮನಾದ. ನಾನು ಅಷ್ಟಕ್ಕೇ ಬಿಡಲಿಲ್ಲ. ಬಂದವರ ಕಣ್ಣಿಗೆ ಬೀಳಬಾರದೆಂದು ಆ ಚಿಕ್ಕ ಡೊಳ್ಳಿನ ಹಗ್ಗ ಬಿಚ್ಚಿದೆ, ಎರಡೂ ಕಡೆಯ ಚರ್ಮ ಕಳಚಿದೆ. ಉಳಿದ ಕಟ್ಟಿಗೆಯ ಹೊಟ್ಟೆಯಲ್ಲಿ ಅವ್ವ ಮುಂದೆ ತೊಗರಿ ತುಂಬಿಟ್ಟಳು. ಬಿಚ್ಚುವಾಗ ತಂಗಿ ಎದುರಿಗೇ ನಿಂತಿದ್ದಳು. ಬೆರಳು ಆಡಿಸಬೇಡ, ಕೈಕಟ್ಟಿ ನಿಲ್ಲುವುದು ರೂಢಿ ಮಾಡಿಕೋ ಎಂದು ಬೆಳಗ್ಗೆಯಷ್ಟೇ ಅವಳಿಗೆ ಹೇಳಿದ್ದೆ. ಕೈಕಟ್ಟಿಯೇ ನಿಂತಿದ್ದಳು, ಆದ್ದರಿಂದ ಒಂದು ಮಾತೂ ಆಡಲಿಲ್ಲ.

ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆ ಒಬ್ಬಳು, "ಏನೇನ್ ಅಡಗಿ ಬರ್ತದವ್ವಾ ನಿನಗ?" ಎಂದು ಕೇಳಿದಳು. ತಂಗಿಯ ತುಟಿ ಅಲುಗುವ ಮೊದಲೇ ನಾನು ಬಾಯಿ ಹಾಕಿದೆ.

"ಎಲ್ಲಾ ಬರ್ತದ್ರಿ. ನಮ್ಮ ತಂಗಿಗಿ ಮಾತ ಜರಾ ಕಮ್ಮಿ."

"ಚಲೋನೇ ಆಯ್ತಲ್ರಿ, ಇಂಥಾಕಿನೇ ಬೇಕಾಗಿತ್ತು ನಮಗ," ಅಂದಳು ಆ ಹೆಂಗಸು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಗೆದ್ದೆ ಅನಿಸಿತ್ತು.

ಮದುವೆಯಾಗಿ ವರ್ಷ ತುಂಬುವುದರೊಳಗೆ ಅಪ್ಪ ಅಂದದ್ದೇ ಆಯಿತು. ಗಂಡ ಒಳ್ಳೆಯವನು, ಒಂದು ದಿನ ಗದರಿದವನಲ್ಲ. ಆದರೆ ಮಾತು ಕಮ್ಮಿ ಎಂದು ಹೇಳಿ ಕಳಿಸಿದ ಹುಡುಗಿಯನ್ನು ಮಾತಾಡು ಎಂದು ಯಾರು ಕೇಳುತ್ತಾರೆ? ಫೋನು ಬಂದ ಮೇಲೂ ಅವಳದು ಬರೀ ಮಿಸ್ಡ್ ಕಾಲ್. ಒಂದು ಸಲ ಬಂದರೆ ಎಲ್ಲ ಆರಾಮ, ಎರಡು ಸಲ ಬಂದರೆ ಊರಿಗೆ ಬಾ ಎಂದು ಅರ್ಥ. ಮಗಳು ಹುಟ್ಟಿದಳು, ಅವಳಿಗೆ ತಂಗಿ ಒಂದು ಕತೆಯನ್ನೂ ಹೇಳಲಿಲ್ಲ. ಶಾಲೆಯ ಸಭೆಗೆ ಹೋಗಲಿಲ್ಲ. ಅಪ್ಪ ಒಮ್ಮೆ ಭಾಲ್ಕಿಗೆ ಹೋಗಿ ಅವಳ ಮುಂದೆ ಕೂತು ತೊಡೆ ಬಡಿದು ನೋಡಿದನಂತೆ. ಬಂದು ನನಗೆ ಹೇಳಿದ್ದು ಇಷ್ಟೇ: "ಅಕಿ ಕೈ ಎತ್ತಲಿಲ್ಲ." ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯದೆಯೇ ತೀರಿಹೋದ. ಅವನ ಮುಂದೆ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ನಾಲಿಗೆಗೆ ಯಾವ ದೋಷವೂ ಇರಲಿಲ್ಲ.

ಹೋದ ವರ್ಷ ತಂಗಿಯ ಗಂಡ ಫೋನು ಮಾಡಿದ. ಅವರ ಓಣಿಯ ಹೆಂಗಸರೆಲ್ಲ ಸೇರಿ ಡೊಳ್ಳಿನ ತಂಡ ಕಟ್ಟಿದ್ದಾರೆ, ಕಲಿಸಲು ಒಬ್ಬ ಮುದುಕ ಬರುತ್ತಾನೆ, ಇವಳೂ ಸೇರಿದ್ದಾಳೆ ಎಂದ. ನಾನು ಬೇಡ ಅನ್ನಬಹುದು ಎಂಬ ಅಂಜಿಕೆ ಅವನ ದನಿಯಲ್ಲಿತ್ತು. ನನಗೆ ಅದೇ ಹೆಚ್ಚು ಚುಚ್ಚಿತು. ಕೆಲವು ತಿಂಗಳು ಬಿಟ್ಟು ಮತ್ತೆ ಅವನದೇ ಫೋನು.

"ಮಾಸ್ತರ್ರೇ, ಅಕಿ ಈಗ ಗಿರಣ್ಯಾಗ ನಿಂತು ಮಂದಿಗಿ ಬೈಲಿಕತ್ತಾಳ್ರಿ! ಖರೇ ಹೇಳ್ತೇನಿ, ನಾನೇ ಅಂಜತೇನಿ ಈಗ."

ಖುಷಿಯಾಯಿತು. ಆದರೆ ನಲವತ್ತು ದಾಟಿದ ಮೇಲೆ ಬಂದ ಈ ಮಾತು ಹದಿನಾರರಲ್ಲೇ ಇತ್ತಲ್ಲ. ನಡುವಿನ ವರ್ಷಗಳನ್ನು ಎಲ್ಲಿಂದ ತಂದುಕೊಡಲಿ? ಹೋಗಿ ಕ್ಷಮೆ ಕೇಳಬೇಕು ಎಂದುಕೊಂಡೆ. ಅಂದುಕೊಳ್ಳುತ್ತ ತಿಂಗಳುಗಳನ್ನು ತಳ್ಳಿದೆ.

ಶನಿವಾರ ಪಾಲಕರ ಸಭೆಯಲ್ಲಿ ನಾನು ಚೀಟಿಯಲ್ಲಿದ್ದುದನ್ನೇ ಓದಿದೆ. ಏಕಾಗ್ರತೆ, ನೆನಪು, ತೋಳು. ಮೂರು ನಿಮಿಷಕ್ಕೆ ಮುಗಿಯಿತು. ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಸತ್ತುಹೋದಂತಾಗಿ ಮರುದಿನ ಬೆಳಗ್ಗೆಯೇ ಭಾಲ್ಕಿ ಬಸ್ಸು ಹತ್ತಿದೆ.

ಓಣಿಯ ತಿರುವಿನಲ್ಲೇ ಅವಳ ದನಿ ಕೇಳಿಸಿತು. ಗಿರಣಿಯ ಸದ್ದನ್ನೂ ಮೀರಿದ ದನಿ. ಸಾಲು ತಪ್ಪಿಸಿ ಡಬ್ಬಿ ಮುಂದಿಟ್ಟ ಒಬ್ಬನಿಗೆ ಗ್ರಹಚಾರ ಬಿಡಿಸುತ್ತಿದ್ದಳು.

"ಏನಪಾ, ಇವರೆಲ್ಲಾ ಮುಂಜಾನಿಂದ ನಿಂತಾರ, ನೀ ಏನ್ ದೊಡ್ಡ ಸಾಹೇಬ? ಹಿಂದ ಹೋಗು. ನಿನ್ನ ಗೋಧಿ ಏನ್ ಓಡಿ ಹೋಗ್ತಾವ?"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಎಲ್ಲೂ ತಡೆಯಿಲ್ಲ, ಎಲ್ಲೂ ತೊದಲಿಲ್ಲ. ಚೀಲಗಳ ಮರೆಯಲ್ಲಿ ನಿಂತು ಕೇಳುತ್ತಲೇ ಇದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅಪ್ಪ ಇದ್ದಿದ್ದರೆ ಎನಿಸಿತು. ಆಮೇಲೆ ಧೈರ್ಯ ಮಾಡಿ ಮುಂದೆ ಬಂದೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅವಳು ತಿರುಗಿದಳು, ನನ್ನನ್ನು ನೋಡಿದಳು. ನಕ್ಕಳು ಕೂಡ. ಬಾಯಿ ತೆರೆದಳು.

"ಅ... ಅ..."

ಕುತ್ತಿಗೆಯ ನರ ಉಬ್ಬಿತು. ಅಣ್ಣ ಎನ್ನುವ ಎರಡು ಅಕ್ಷರ ಹೊರಗೆ ಬರಲಿಲ್ಲ. ಅವಸರವಿಲ್ಲ ತಂಗಿ, ನಿಧಾನ ಹೇಳು ಎಂದೆ. ಅದರಿಂದ ಇನ್ನಷ್ಟು ಬಿಗಿಯಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಗಾಬರಿಯಿಂದ ಅವಳ ತೋಳು ಹಿಡಿದುಕೊಂಡಳು.

"ಏನಾಯ್ತವ್ವಾ ನಿನಗ? ಈಗಿನತನಕ ಚಲೋ ಮಾತಾಡ್ಲಿಕತ್ತಿದ್ದಿ!"

ಅವಳಿಗೆ ಏನೂ ಆಗಿರಲಿಲ್ಲ. ನಾನು ಬಂದಿದ್ದೆ, ಅಷ್ಟೇ.